ಸೀರೆ ಲೇಯರಿನ ಕೆಳಗೆ ಅಜ್ಜಿ

ಮಂಡ್ಯದಿಂದ ಮದ್ದೂರು, ಮದ್ದೂರಿಂದ ಕೆ.ಎಂ. ದೊಡ್ಡಿ ಮೇಲೆ ಮಳವಳ್ಳಿ. ಈ ದಾರಿಯಲ್ಲಿ ನಿಮಗೆ ನೆಂಟರೋ ಸ್ನೇಹಿತರೋ ಇದ್ದರೆ ಒಮ್ಮೆ ಅವರ ನಡುಮನೆಯ ಗೋಡೆ ನೋಡಿ. ಹಾರ ಹಾಕಿದ ಫೋಟೋಗಳಲ್ಲಿ ಒಂದು ತಮಾಷೆ ಕಾಣಿಸುತ್ತೆ. ಬದುಕಿದ್ದಷ್ಟು ದಿನ ಪಂಚೆ, ಹೆಗಲ ಮೇಲೊಂದು ಟವೆಲ್ಲು ಬಿಟ್ಟು ಬೇರೇನೂ ಹಾಕದ ತಾತ ಅಲ್ಲಿ ನೀಲಿ ಕೋಟು, ಕೆಂಪು ಟೈ ಹಾಕಿಕೊಂಡು ಗಂಭೀರವಾಗಿ ಕೂತಿರ್ತಾರೆ. ಪಕ್ಕದ ಬೀದಿಯ ತಾತನದ್ದೂ ಅದೇ ಕೋಟು. ಅಜ್ಜಿಯರೆಲ್ಲ ಒಂದೇ ಅಂಗಡಿಯಲ್ಲಿ ತಗೊಂಡ ಹಾಗೆ ಅದೇ ಹಸಿರು ರೇಷ್ಮೆ ಸೀರೆ, ಅದೇ ಕೆಂಪು ಅಂಚು. ಹಿಂದೆ ಅದೇ ಮೋಡ, ಅದೇ ತಿಳಿನೀಲಿ ಆಕಾಶ. ಸ್ವರ್ಗದಲ್ಲಿ ಯೂನಿಫಾರ್ಮ್ ಕಡ್ಡಾಯ ಅಂತ ಕಾಣುತ್ತೆ :-)

ನಗಬೇಕು ಅನ್ನಿಸಿದರೂ ನಗೋ ವಿಷಯ ಅಲ್ಲ ಇದು. ನಮ್ಮ ಕಡೆ ಹಿಂದಿನ ತಲೆಮಾರಿನ ಎಷ್ಟೋ ಜನಕ್ಕೆ, ಅದರಲ್ಲೂ ಹೆಂಗಸರಿಗೆ, ಜೀವಮಾನದಲ್ಲಿ ಒಂದೋ ಎರಡೋ ಫೋಟೋ. ಯಾವುದೋ ಮದುವೆಯ ಗುಂಪಿನಲ್ಲಿ ಮೂಲೆಯಲ್ಲಿ ನಿಂತದ್ದು ಒಂದು, ವೋಟರ್ ಐಡಿಯಲ್ಲಿ ಕಳ್ಳರ ಥರ ಕಾಣೋದು ಇನ್ನೊಂದು. ಹೋದ ಮೇಲೆ ಗೋಡೆಗೆ ಒಂದು ಮುಖ ಬೇಕು. ಆ ಗುಂಪಿನಿಂದ ಮುಖವನ್ನು ಬಿಡಿಸಿ ತಂದು, ಅದಕ್ಕೊಂದು ಮೈ, ಒಂದು ಬಟ್ಟೆ, ಒಂದು ಆಕಾಶ ಕೊಡೋ ಕೆಲಸ ಊರಿನ ಸ್ಟುಡಿಯೋದ್ದು. ಆ ಕೆಲಸ ನಡೆಯೋದೇ ಲೇಯರುಗಳಲ್ಲಿ.

ನಾನು ಮದ್ದೂರಿನವನು. ಮಂಡ್ಯದಲ್ಲಿ ಇಂಜಿನಿಯರಿಂಗ್ ಮುಗಿಸಿ ಈಗ ಬೆಂಗಳೂರಿನಲ್ಲಿ ಕೋಡು ಬರೆದು ಹೊಟ್ಟೆ ಹೊರೆಯುವ ಲಕ್ಷಾಂತರ ಜೀವಿಗಳಲ್ಲಿ ಒಬ್ಬ. ಲೇಯರ್ ಅಂದ್ರೆ ನಮ್ಮಂಥವರಿಗೆ ಮೊದಲು ನೆನಪಾಗೋದು ನೆಟ್‌ವರ್ಕಿಂಗ್ ಪುಸ್ತಕದ ಓಎಸ್‌ಐ ಮಾದರಿಯ 7 ಪದರಗಳು. ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದು, ಮಾರನೇ ದಿನ ಬರೆದು, ಸಂಜೆ ಹೊತ್ತಿಗೆ ಮರೆತು ಬಿಡೋ ಅಂಥದ್ದು. ಚಿತ್ರ ತಿದ್ದುವ ಸಾಫ್ಟ್‌ವೇರಿನ ಲೇಯರು ನನ್ನ ತಲೆಗೆ ಹತ್ತಿದ್ದು 2023ರಲ್ಲಿ, ಮಳವಳ್ಳಿಯ ಒಂದು ಪುಟ್ಟ ಸ್ಟುಡಿಯೋದಲ್ಲಿ. ಹೇಳಿಕೊಟ್ಟವನು ನನಗಿಂತ ಐದಾರು ವರ್ಷ ಚಿಕ್ಕ ಹುಡುಗ.

ಆ ವರ್ಷ ನಮ್ಮಜ್ಜಿ, ಅಂದ್ರೆ ಅವ್ವನ ಅವ್ವ, ತೀರಿಕೊಂಡರು. ಮಳವಳ್ಳಿ ಹತ್ತಿರದ ಹಳ್ಳಿ. ಹನ್ನೊಂದನೇ ದಿನಕ್ಕೆ ತಿಥಿ. ಮಂಡ್ಯ ಕಡೆಯ ತಿಥಿ ಅಂದ್ರೆ ಏನು ಅಂತ ಗೊತ್ತಿಲ್ಲದವರು ಆ ಹೆಸರಿನ 2015ರ ಸಿನಿಮಾ ನೋಡಿ. ನಮ್ಮ ಜಿಲ್ಲೆಯ ನೊದೆಕೊಪ್ಪಲಿನಲ್ಲೇ ತೆಗೆದದ್ದು, ನಮ್ಮೂರ ಜನರೇ ಮಾತಾಡಿದ ಹಾಗಿದೆ. ತಿಥಿ ಕಾರ್ಡಿಗೆ ಫೋಟೋ ಬೇಕು, ಬ್ಯಾನರಿಗೆ ಬೇಕು, ಎಡೆ ಇಟ್ಟು ಪೂಜೆ ಮಾಡೋದಕ್ಕೆ ಕಟ್ಟು ಹಾಕಿಸಿದ ಫೋಟೋ ಬೇಕು. ಇಡೀ ಮನೆ ಹುಡುಕಿದರೂ ಸಿಕ್ಕಿದ್ದು ಒಂದೇ ಫೋಟೋ. 1994ರಲ್ಲಿ ನಮ್ಮವ್ವನ ಮದುವೆಯಲ್ಲಿ ತೆಗೆದ ಗುಂಪು. ಹದಿನಾಲ್ಕು ಜನ ನಿಂತಿದ್ದಾರೆ. ಎಡತುದಿಯಲ್ಲಿ ಅಜ್ಜಿ. ಎಡ ಭುಜವನ್ನು ಯಾರದ್ದೋ ತೋಳು ಮುಚ್ಚಿದೆ. ಬಣ್ಣ ಎಲ್ಲ ಇಳಿದು ಫೋಟೋ ಪೂರ್ತಿ ಇಟ್ಟಿಗೆ ಕೆಂಪಾಗಿದೆ. ಅಜ್ಜಿಯ ಕೆನ್ನೆಯ ಮೇಲೆ ಹಾದು ಹೋಗೋ ಹಾಗೆ ಒಂದು ಮಡಿಕೆ ಬೇರೆ.

ಅದನ್ನು ಹಿಡಕೊಂಡು ನಾನು, ಅವ್ವ, ಮಾವ ಮೂವರೂ ಸ್ಟುಡಿಯೋಗೆ ಹೋದ್ವಿ. ಹುಡುಗ ಫೋಟೋ ಸ್ಕ್ಯಾನ್ ಮಾಡಿ ಫೋಟೋಶಾಪ್‌ನಲ್ಲಿ ತೆರೆದ. ಬಲಗಡೆ ಕೆಳಗೆ ಒಂದು ಪಟ್ಟಿ. ಅದರಲ್ಲಿ ಒಂದೇ ಒಂದು ಸಾಲು, ಪಕ್ಕದಲ್ಲಿ ಪುಟ್ಟ ಬೀಗದ ಗುರುತು. ನಲವತ್ತು ನಿಮಿಷ ಕಳೆಯೋ ಹೊತ್ತಿಗೆ ಆ ಒಂದು ಸಾಲು ಹನ್ನೊಂದಾಗಿತ್ತು. ಪ್ರತಿ ಸಾಲಿನ ಎಡಕ್ಕೂ ಒಂದು ಕಣ್ಣಿನ ಚಿತ್ರ. ಆ ಕಣ್ಣು ಒತ್ತಿದರೆ ಸೀರೆ ಮಾಯ, ಮತ್ತೆ ಒತ್ತಿದರೆ ಸೀರೆ ಹಾಜರ್. ಆಕಾಶದ ಕಣ್ಣು ಒತ್ತಿದರೆ ಮದುವೆ ಚಪ್ಪರದ ಬಟ್ಟೆ ವಾಪಸ್ಸು.

"ಇದೆಲ್ಲ ಒಂದ್ರ ಮೇಲೊಂದು ಗಾಜಿಟ್ಟಂಗೆ ಅಣ್ಣ" ಅಂದ ಹುಡುಗ. "ಮೇಲಿಂದ ನೋಡಿದ್ರೆ ಒಂದೇ ಚಿತ್ರ. ಆದ್ರೆ ಯಾವುದ್ನೂ ಯಾವುದಕ್ಕೂ ಅಂಟ್ಸಿಲ್ಲ."

ಇಷ್ಟೇ ವಿಷಯ. ಆದರೆ ಈ ಇಷ್ಟೇ ವಿಷಯದ ಒಳಗೆ ಎಷ್ಟೊಂದಿದೆ ನೋಡಿ.

ಕಂಪ್ಯೂಟರಿಗೆ ಚಿತ್ರ ಅಂದ್ರೆ ಚುಕ್ಕಿಗಳ ರಾಶಿ ಅನ್ನೋದು ನಿಮಗೆ ಗೊತ್ತೇ ಇರುತ್ತೆ. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿ, ಸಾಮಾನ್ಯವಾಗಿ ಒಂದೊಂದೂ 0ಯಿಂದ 255ರ ಒಳಗೆ. ಲೇಯರಿನ ಚುಕ್ಕಿಗೆ ಇವುಗಳ ಜೊತೆ ನಾಲ್ಕನೇ ಅಂಕಿಯೊಂದು ಇರುತ್ತೆ. ಈ ಚುಕ್ಕಿ ಎಷ್ಟು ಗಟ್ಟಿ, ಎಷ್ಟು ಗಾಜು ಅನ್ನೋದನ್ನ ಹೇಳೋ ಅಂಕಿ. ಅದಕ್ಕೆ ಆಲ್ಫಾ ಅಂತ ಹೆಸರು. 0 ಇದ್ದರೆ ಪೂರ್ತಿ ಗಾಜು, ಕೆಳಗಿನದ್ದು ಹಾಗೇ ಕಾಣುತ್ತೆ. 255 ಇದ್ದರೆ ಪೂರ್ತಿ ಗೋಡೆ. ನಡುವೆ ಇದ್ದರೆ ಎರಡರ ಮಿಶ್ರಣ. ಮೇಲಿನ ಚುಕ್ಕಿಯ ಬೆಲೆ 200, ಕೆಳಗಿನದ್ದು 100, ಮೇಲಿನದ್ದು ಕಾಲು ಭಾಗ ಮಾತ್ರ ಗಟ್ಟಿ ಅಂತ ಇಟ್ಕೊಳ್ಳಿ. 200ರಲ್ಲಿ ಕಾಲು 50, 100ರಲ್ಲಿ ಮುಕ್ಕಾಲು 75, ಕೂಡಿದರೆ 125. ಪರದೆ ಮೇಲೆ ಕಾಣೋದು ಆ 125. ಹಾಲಿಗೆ ನೀರು ಬೆರೆಸೋ ಲೆಕ್ಕ, ಅಷ್ಟೇ! ಆದರೆ ಇಲ್ಲಿ ಬೆರೆತದ್ದು ಕಾಣೋದರಲ್ಲಿ ಮಾತ್ರ. ಫೈಲಿನೊಳಗೆ 200 ಬೇರೆ, 100 ಬೇರೆ ಭದ್ರವಾಗಿ ಕೂತಿರುತ್ತೆ.

ಆಲ್ಫಾದ ಯೋಚನೆ 1970ರ ದಶಕದ ಕೊನೆಯದು. ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಅನ್ನೋರು ನ್ಯೂಯಾರ್ಕಿನ ಒಂದು ತಾಂತ್ರಿಕ ಸಂಸ್ಥೆಯಲ್ಲಿದ್ದಾಗ ಹುಟ್ಟಿದ್ದು. ಅದನ್ನಿಟ್ಟುಕೊಂಡು ಚಿತ್ರದ ಮೇಲೆ ಚಿತ್ರ ಕೂರಿಸೋ ಗಣಿತವನ್ನ 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಒಂದು ಪ್ರಬಂಧದಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟರು. ಅವರಿದ್ದದ್ದು ಲ್ಯೂಕಾಸ್‌ಫಿಲ್ಮ್‌ನಲ್ಲಿ. ಸಿನಿಮಾದವರಿಗೆ ಆಕಾಶದಲ್ಲಿ ಹಡಗು ಹಾರಿಸಬೇಕಿತ್ತು, ನಮಗೆ ಆಕಾಶದಲ್ಲಿ ಅಜ್ಜಿಯನ್ನ ಕೂರಿಸಬೇಕಿತ್ತು. ಗಣಿತ ಒಂದೇ.

ಫೋಟೋಶಾಪಿನ ಮೊದಲ ಆವೃತ್ತಿ ಬಂದದ್ದು 1990ರ ಫೆಬ್ರವರಿಯಲ್ಲಿ. ಥಾಮಸ್ ಮತ್ತು ಜಾನ್ ನೋಲ್ ಎಂಬ ಅಣ್ಣತಮ್ಮಂದಿರು ಶುರು ಮಾಡಿದ್ದು. ಅದರಲ್ಲಿ ಲೇಯರ್ ಇರಲಿಲ್ಲ! ಒಂದು ಚಿತ್ರದ ತುಂಡನ್ನ ತಂದು ಇನ್ನೊಂದರ ಮೇಲೆ ಇಟ್ಟು ಕೈ ಬಿಟ್ಟಿರೋ, ಅಲ್ಲಿಗೆ ಅದು ಅಂಟಿತು. ಕೆಳಗಿದ್ದ ಚುಕ್ಕಿಗಳು ಹೋದವು. ಲೇಯರ್ ಬಂದದ್ದು 3.0 ಆವೃತ್ತಿಯಲ್ಲಿ, 1994ರಲ್ಲಿ. ಅಲ್ಲಿ ಲೇಯರು ಬಿಡುಗಡೆಯಾದ ವರ್ಷವೇ ಇಲ್ಲಿ ಅಜ್ಜಿ ಮಗಳ ಮದುವೆಯಲ್ಲಿ ಎಡತುದಿಗೆ ನಿಂತು ಫೋಟೋ ತೆಗೆಸಿಕೊಂಡಿದ್ದರು. ಇಬ್ಬರೂ ಭೇಟಿಯಾಗೋಕೆ 29 ವರ್ಷ ಹಿಡೀತು.

ಹಾಗಂತ ಅದಕ್ಕೂ ಮೊದಲು ಸ್ಟುಡಿಯೋದವರು ಸುಮ್ಮನಿರಲಿಲ್ಲ. ಕಪ್ಪು ಬಿಳುಪಿನ ಕಾಲದಲ್ಲಿ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನಿಂದ ತಿದ್ದಿ ಮುಖದ ಸುಕ್ಕು ಕಮ್ಮಿ ಮಾಡೋರು. ಪ್ರಿಂಟಿನ ಮೇಲೆ ತೆಳ್ಳನೆ ಬಣ್ಣ ಬಳಿದು ಸೀರೆಗೆ ಹಸಿರು, ಕೆನ್ನೆಗೆ ಗುಲಾಬಿ ಕೊಡೋರು. ಅದೂ ಪದರವೇ. ಆದರೆ ಆ ಬಣ್ಣವನ್ನ ಆಫ್ ಮಾಡೋ ಕಣ್ಣಿನ ಗುರುತು ಇರಲಿಲ್ಲ ಅಷ್ಟೇ.

ಮತ್ತೆ ಮಳವಳ್ಳಿಗೆ ಬರೋಣ. ಹುಡುಗ ಮೊದಲು ಮಾಡಿದ ಕೆಲಸ ಏನು ಗೊತ್ತಾ? ಕಂಟ್ರೋಲ್ ಜೆ. ಸ್ಕ್ಯಾನ್ ಮಾಡಿದ ಫೋಟೋದ ಇನ್ನೊಂದು ನಕಲನ್ನ ಮೇಲಿಟ್ಟು, ಕೆಳಗಿನದ್ದರ ಕಣ್ಣು ಮುಚ್ಚಿದ. "ಕೆಳಗಿಂದಕ್ಕೆ ಬೀಗ ಇದೆಯಲ್ಲ, ಸಾಕಲ್ವಾ?" ಅಂದೆ. "ಅದು ಅರ್ಧ ಬೀಗ ಅಣ್ಣ" ಅಂದ. ನಿಜ. ಬ್ಯಾಕ್‌ಗ್ರೌಂಡ್ ಅಂತ ಬರೋ ಆ ಮೊದಲ ಸಾಲನ್ನ ಬೀಗ ಅತ್ತಿತ್ತ ಸರಿಸೋದಕ್ಕೆ ಬಿಡೋದಿಲ್ಲ. ಆದರೆ ಅದರ ಮೇಲೆ ಬಣ್ಣ ಬಳಿದರೆ ತಡೆಯೋದಿಲ್ಲ. ಬಾಗಿಲಿಗೆ ಬೀಗ ಹಾಕಿ ಗೋಡೆಗೆ ಸುಣ್ಣ ಹೊಡೆಯೋಕೆ ಬಿಟ್ಟ ಹಾಗೆ. ಅದಕ್ಕೇ ಮೊದಲು ನಕಲು.

ಎರಡನೇ ಕೆಲಸ ಕೆಂಪು ಇಳಿಸಿದ್ದು. ಇದಕ್ಕೆ ಅವನು ಫೋಟೋ ಮುಟ್ಟಲೇ ಇಲ್ಲ. ಮೇಲೆ ಅಡ್ಜಸ್ಟ್‌ಮೆಂಟ್ ಲೇಯರ್ ಅಂತ ಒಂದು ಸೇರಿಸಿದ. ಇದರಲ್ಲಿ ಚುಕ್ಕಿಗಳೇ ಇಲ್ಲ, ಬರೀ ಸೂಚನೆ ಮಾತ್ರ. 'ಕೆಳಗಿಂದ ಬರೋ ಕೆಂಪನ್ನ ಇಷ್ಟು ಇಳಿಸು, ನೀಲಿಯನ್ನ ಇಷ್ಟು ಏರಿಸು' ಅಂತ. ಚಾಳೀಸು ಬಂದವರಿಗೆ ಕನ್ನಡಕ ಹಾಕಿದ ಹಾಗೆ. ಕಣ್ಣು ಕೊಯ್ಯಲಿಲ್ಲ, ಆದರೂ ಚೆನ್ನಾಗಿ ಕಾಣುತ್ತೆ, ಬೇಡ ಅಂದ್ರೆ ತೆಗೆದಿಡಬಹುದು. ಇದು ಫೋಟೋಶಾಪಿಗೆ 1996ರಲ್ಲಿ 4.0 ಆವೃತ್ತಿಯ ಜೊತೆ ಬಂತು.

ಮೂರನೇದು ಮಾಸ್ಕು. ನನ್ನ ಪ್ರಕಾರ ಲೇಯರಿನ ಇಡೀ ತತ್ವ ಇದರಲ್ಲಿದೆ. ಅಜ್ಜಿಯನ್ನ ಗುಂಪಿನಿಂದ ಬಿಡಿಸಬೇಕು. ಒಂದು ದಾರಿ ಅಂದ್ರೆ ರಬ್ಬರ್ ತಗೊಂಡು ಸುತ್ತ ಇರೋರನ್ನೆಲ್ಲ ಅಳಿಸೋದು. ಅಳಿಸಿದ್ದು ಹೋಯ್ತು. ಕೈ ಒಂಚೂರು ಜಾರಿ ಅಜ್ಜಿಯ ಕಿವಿಯ ಓಲೆ ಹೋದರೆ ಓಲೆಯೂ ಹೋಯ್ತು. ಇನ್ನೊಂದು ದಾರಿ ಮಾಸ್ಕು. ಲೇಯರಿಗೆ ಒಂದು ಕಪ್ಪು ಬಿಳುಪಿನ ಮುಸುಕು ತಗುಲಿಸೋದು. ಮುಸುಕಿನಲ್ಲಿ ಎಲ್ಲಿ ಕಪ್ಪು ಬಳಿದಿರೋ ಅಲ್ಲಿ ಚಿತ್ರ ಅಡಗುತ್ತೆ, ಎಲ್ಲಿ ಬಿಳಿ ಬಳಿದಿರೋ ಅಲ್ಲಿ ಕಾಣುತ್ತೆ, ಬೂದು ಬಳಿದರೆ ಮಸುಕು ಮಸುಕು. ತಲೆಗೂದಲಿನ ಅಂಚಿಗೆ ಆ ಬೂದು ಬೇಕೇ ಬೇಕು, ಇಲ್ಲದಿದ್ದರೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುತ್ತೆ. ಓಲೆ ಅಡಗಿತಾ? ಬಿಳಿ ಬಳಿಯಿರಿ, ಓಲೆ ವಾಪಸ್ಸು. ಆ ಹದಿಮೂರು ಜನ ಎಲ್ಲೂ ಹೋಗಿಲ್ಲ, ಮುಸುಕಿನ ಹಿಂದೆ ಹಾಗೇ ನಿಂತಿದ್ದಾರೆ.

ಅಳಿಸೋದಕ್ಕೂ ಅಡಗಿಸೋದಕ್ಕೂ ಇರೋ ಈ ವ್ಯತ್ಯಾಸ ನನ್ನ ಕೆಲಸದಲ್ಲೂ ಇದೆ. ಡೇಟಾಬೇಸಿನಲ್ಲಿ ದಾಖಲೆಯನ್ನ ನಿಜವಾಗಿ ಅಳಿಸದೆ 'ಅಳಿಸಲಾಗಿದೆ' ಅಂತ ಗುರುತು ಹಾಕಿಟ್ಟು ಕಾಣದ ಹಾಗೆ ಮಾಡ್ತೀವಿ. ಕೋಡಿನಲ್ಲಿ ಹಳೇ ಆವೃತ್ತಿಗಳನ್ನೆಲ್ಲ ಗಿಟ್‌ನಲ್ಲಿ ಇಟ್ಟಿರ್ತೀವಿ. ಯಾಕೆಂದ್ರೆ ಇವತ್ತು ಬೇಡ ಅಂದದ್ದು ನಾಳೆ ಬೇಕಾಗುತ್ತೆ ಅನ್ನೋದನ್ನ ನಮ್ಮ ಹಿಂದಿನವರು ಬೇಕಾದಷ್ಟು ಸಲ ಅನುಭವಿಸಿ ಕಲಿತಿದ್ದಾರೆ.

ಮುಚ್ಚಿಹೋಗಿದ್ದ ಎಡ ಭುಜಕ್ಕೆ ಬಲ ಭುಜವನ್ನೇ ನಕಲು ಮಾಡಿ, ಕನ್ನಡಿಯಲ್ಲಿ ತಿರುಗಿಸಿದ ಹಾಗೆ ತಿರುಗಿಸಿ ಬೇರೆ ಲೇಯರಿನಲ್ಲಿಟ್ಟ. ಕೆನ್ನೆಯ ಮಡಿಕೆಗೆ ಪಕ್ಕದ ಚರ್ಮದ ಚುಕ್ಕಿಗಳನ್ನ ತಂದು ಇನ್ನೊಂದು ಲೇಯರಿನಲ್ಲಿ ಮುಚ್ಚಿದ. ಆಮೇಲೆ ಬಂತು ನೋಡಿ ರೇಷ್ಮೆ ಸೀರೆ. ಅವನ ಹತ್ತಿರ ಒಂದು ಫೋಲ್ಡರ್ ತುಂಬ ಸೀರೆಗಳು, ಇನ್ನೊಂದರ ತುಂಬ ಕೋಟುಗಳು. ಕುತ್ತಿಗೆಯಿಂದ ಕೆಳಗೆ ಮಾತ್ರ ಇರೋ ಮನುಷ್ಯರು! ಮಾವ ಒಂದನ್ನ ಆರಿಸಿದರು. ಮುಖದ ಕೆಳಗೆ ಸೀರೆ ಕೂತಿತು, ಆದರೆ ಯಾಕೋ ಅಂಟಿಸಿದ ಹಾಗೇ ಕಾಣ್ತಿತ್ತು. ಹುಡುಗ ಗಲ್ಲದ ಕೆಳಗೆ ಮೆತ್ತನೆ ಬೂದು ಬಣ್ಣ ಬಳಿದು ಆ ಲೇಯರನ್ನ ಮಲ್ಟಿಪ್ಲೈ ಅಂತ ಬದಲಾಯಿಸಿದ. ಹೆಸರೇ ಹೇಳೋ ಹಾಗೆ ಇದು ಗುಣಾಕಾರ. ಮೇಲಿನ ಅಂಕಿ ಗುಣಿಸು ಕೆಳಗಿನ ಅಂಕಿ, ಭಾಗಿಸು 255. ಮೇಲೆ 128ರ ಬೂದು, ಕೆಳಗೆ 180ರ ಸೀರೆ ಇದ್ದರೆ ಸುಮಾರು 90. ಮೇಲೆ ಬಿಳಿ ಇದ್ದರೆ ಕೆಳಗಿನದ್ದು ಬದಲಾಗೋದೇ ಇಲ್ಲ. ಅಂದ್ರೆ ಸೀರೆಯ ಜರಿ, ನೆರಿಗೆ ಎಲ್ಲ ಉಳಿದು ಅದರ ಮೇಲೆ ನೆರಳು ಮಾತ್ರ ಬೀಳುತ್ತೆ. ತಕ್ಷಣ ತಲೆಗೂ ಮೈಗೂ ಸಂಬಂಧ ಬಂತು.

ಗಲಾಟೆ ಶುರುವಾದದ್ದು ಆಮೇಲೆ.

ಮಾವ ಪರದೆಯನ್ನೇ ದಿಟ್ಟಿಸಿ ನೋಡಿ, "ಅಲ್ಲ ಕನಪ್ಪ, ಹಣೇಲಿ ಕುಂಕುಮ ಅದೆ. ತೆಗ್ದುಬುಡು" ಅಂದರು.

1994ರ ಫೋಟೋ ಅದು. ಆಗ ತಾತ ಇದ್ದರು. ಅಜ್ಜಿಯ ಹಣೆಯಲ್ಲಿ ದೊಡ್ಡ ಕುಂಕುಮ. ತಾತ ಹೋದದ್ದು 2001ರಲ್ಲಿ. ಆಮೇಲೆ 22 ವರ್ಷ ಅಜ್ಜಿ ಕುಂಕುಮ ಇಡಲಿಲ್ಲ. ನಾನು ನೋಡಿದ ಅಜ್ಜಿಗೆ ಕುಂಕುಮವೇ ಇಲ್ಲ. "ಗಂಡ ಇಲ್ದೋಳಿಗೆ ಕುಂಕುಮ ಮಡಗಿ ಎಡೆ ಇಕ್ಕುದ್ರೆ ಊರೋರು ಏನಂತಾರೆ" ಅನ್ನೋದು ಮಾವನ ಚಿಂತೆ.

ಹುಡುಗ ಮಾತಾಡದೆ ಇನ್ನೊಂದು ಖಾಲಿ ಲೇಯರು ಸೇರಿಸಿದ. ಹಣೆಯ ಪಕ್ಕದ ಚರ್ಮ ತಂದು ಕುಂಕುಮದ ಮೇಲೆ ಬಳಿದ. ಹತ್ತು ಸೆಕೆಂಡು. ಅಜ್ಜಿಯ ಹಣೆ ಬರಿದಾಯಿತು. ನನಗೆ ಗೊತ್ತಿದ್ದ ಅಜ್ಜಿ ಅಲ್ಲಿ ಬಂದು ಕೂತ ಹಾಗಾಯ್ತು. ಕಣ್ಣಿನ ಗುರುತು ಒತ್ತಿದ, ಕುಂಕುಮ ಬಂತು. ಒತ್ತಿದ, ಹೋಯ್ತು. ಬಂತು, ಹೋಯ್ತು. ಅವ್ವ ಒಂದು ಮಾತೂ ಆಡದೆ ನೋಡ್ತಾ ಇದ್ದರು.

ಆಮೇಲೆ ಅವ್ವ ಹುಡುಗನ್ನ ಕೇಳಿದರು, "ಮಗ, ಈ ಸೀರೆ ನೀನು ಹಾಕಿದ್ದು. ಆಕಾಶ ನೀನು ಹಾಕಿದ್ದು. ಕುಂಕುಮ?"

"ಅದು ನಾನ್ ಹಾಕಿದ್ದಲ್ಲ ಅಕ್ಕ. ಫೋಟೋದಲ್ಲೇ ಇದ್ದದ್ದು. ಎಲ್ಲಾದ್ರುಕ್ಕಿಂತ ಕೆಳಗಿನ ಲೇಯರ್‌ದು."

"ಅಂಗಾದ್ರೆ ಅದು ನಮ್ಮವ್ವಂದು. ಅದುನ್ನ ಮುಟ್ಬ್ಯಾಡ. ತೆಗೀಬೇಕು ಅಂದ್ರೆ ನೀನು ಹಾಕಿದ್ದನ್ನ ತೆಗಿ."

ಮಾವ ಏನೋ ಹೇಳೋಕೆ ಹೋದರು. ಅವ್ವ ಅಷ್ಟಕ್ಕೇ ಬಿಡಲಿಲ್ಲ. "ಇಪ್ಪತ್ತೆರಡು ವರ್ಷ ಊರೋರು ಏನಂತಾರೆ ಅಂತ ಇಡ್ನಿಲ್ಲ. ಇನ್ಯಾರು ಏನಂದ್ರೂ ಅವಳಿಗೇನಾಗಬೇಕು?" ಅಂದರು. ಸ್ಟುಡಿಯೋದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಕೊನೆಗೆ ಆದದ್ದು ಇಷ್ಟು. ಮಾವನ ಮಾತಿನ ಹಾಗೆ ಬ್ಯಾನರಿಗೂ ಕಾರ್ಡಿಗೂ ರೇಷ್ಮೆ ಸೀರೆ, ಆಕಾಶ. ಅವ್ವನ ಮಾತಿನ ಹಾಗೆ ಗೋಡೆಯ ಫೋಟೋಗೆ ಸೀರೆಯ ಕಣ್ಣೂ ಆಕಾಶದ ಕಣ್ಣೂ ಮುಚ್ಚಿ, ಅಜ್ಜಿ ಅವತ್ತು ಉಟ್ಟಿದ್ದ ಸಾದಾ ಸೀರೆ, ಹಿಂದೆ ಬರೀ ತಿಳಿಬೂದು ಬಣ್ಣ. ಕುಂಕುಮ ಎರಡರಲ್ಲೂ ಉಳಿಯಿತು. ಒಂದೇ ಫೈಲು, ಎರಡು ಅಜ್ಜಿ. ಲೇಯರ್ ಇಲ್ಲದಿದ್ದರೆ ಇವರಿಬ್ಬರಲ್ಲಿ ಒಬ್ಬರು ಸೋಲಲೇಬೇಕಿತ್ತು. ಲೇಯರು ಜಗಳ ಬಿಡಿಸುತ್ತೆ ಅಂತ ಯಾವ ಮ್ಯಾನ್ಯುಅಲ್‌ನಲ್ಲೂ ಬರೆದಿಲ್ಲ :-)

ಅದಕ್ಕಿಂತ ಮುಖ್ಯವಾದದ್ದು ನನಗೆ ಅವ್ವನ ಪ್ರಶ್ನೆ. ಎಸ್‌ಎಸ್‌ಎಲ್‌ಸಿ ಓದಿದ ಹೆಂಗಸು, ಕಂಪ್ಯೂಟರ್ ಮುಟ್ಟಿದವರಲ್ಲ. ಲೇಯರಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಅದೊಂದೇ ಅನ್ನೋದು ಅವರಿಗೆ ಹೊಳೆಯಿತು. ಇದರಲ್ಲಿ ಇದ್ದದ್ದು ಯಾವುದು, ಹಾಕಿದ್ದು ಯಾವುದು? ನಾವು ಲೇಯರನ್ನ ಸುಳ್ಳು ಹೇಳೋ ಸಾಧನ ಅಂದ್ಕೋತೀವಿ. ಮುಖಂಡರ ಪಕ್ಕ ನಿಂತ ಹಾಗೆ ಬ್ಯಾನರ್ ಮಾಡಿಸೋರನ್ನ ನೋಡಿ ನೋಡಿ ಹಾಗನ್ನಿಸೋದು ಸಹಜ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧದ ಜೊತೆ ಫ್ಲೆಕ್ಸನ್ನೂ ನಿಷೇಧಿಸಿತು, ಆದರೂ ಸರ್ಕಲ್ಲುಗಳಲ್ಲಿ ಆ ಮುಖಗಳಿಗೆ ಬರವಿಲ್ಲ. ಆದರೆ ಲೇಯರ್ ಇಟ್ಟುಕೊಂಡ ಫೈಲಿನಷ್ಟು ಪ್ರಾಮಾಣಿಕವಾದ ಚಿತ್ರ ಇನ್ನೊಂದಿಲ್ಲ. ನಾನು ಎಲ್ಲೆಲ್ಲಿ ಏನೇನು ಸೇರಿಸಿದ್ದೀನಿ ಅಂತ ಸಾಲು ಸಾಲಾಗಿ ಅದು ಒಪ್ಪಿಸುತ್ತೆ. ಸುಳ್ಳು ಶುರುವಾಗೋದು ಅದನ್ನ ಚಪ್ಪಟೆ ಮಾಡಿದಾಗ.

ಈ ಚಪ್ಪಟೆ ಮಾಡೋದಕ್ಕೆ ಫ್ಲಾಟನ್ ಅಂತಾರೆ. ಎಲ್ಲ ಲೇಯರುಗಳ ಲೆಕ್ಕ ಕೂಡಿ ಕಳೆದು ಒಂದೇ ಪದರ ಮಾಡಿಬಿಡೋದು. ಜೆಪಿಜಿ ಅಂತ ಉಳಿಸಿದರೆ ತಾನಾಗೇ ಹೀಗಾಗುತ್ತೆ, ಯಾಕೆಂದ್ರೆ ಜೆಪಿಜಿಯಲ್ಲಿ ಲೇಯರಿಗೂ ಜಾಗ ಇಲ್ಲ, ಆಲ್ಫಾಗೂ ಜಾಗ ಇಲ್ಲ. ಬಾಳೆಲೆಯ ಮೇಲೆ ಅನ್ನ, ಸಾರು, ಪಲ್ಯ, ಉಪ್ಪಿನಕಾಯಿ ಬೇರೆ ಬೇರೆ ಬಡಿಸಿದ್ದು ಪಿಎಸ್‌ಡಿ. ಎಲ್ಲ ಸೇರಿಸಿ ಬೇಯಿಸಿದ ಬಿಸಿಬೇಳೆಬಾತು ಜೆಪಿಜಿ. ಬಾತು ರುಚಿಯಾಗೇ ಇರುತ್ತೆ, ಆದರೆ ಅದರಿಂದ ಬೇಳೆಯನ್ನ ಮತ್ತೆ ಡಬ್ಬಕ್ಕೆ ತುಂಬೋಕಾಗಲ್ಲ.

ಚಪ್ಪಟೆ ಮಾಡೋದಕ್ಕೆ ಕಾರಣವೂ ಇದೆ ಅನ್ನಿ. 8 ಇಂಚು ಅಗಲ, 10 ಇಂಚು ಎತ್ತರದ ಫೋಟೋವನ್ನ ಇಂಚಿಗೆ 300 ಚುಕ್ಕಿಯ ಹಾಗೆ ಇಟ್ಟರೆ 2400 ಗುಣಿಸು 3000, ಅಂದ್ರೆ 72 ಲಕ್ಷ ಚುಕ್ಕಿ. ಆಲ್ಫಾ ಸೇರಿ ಚುಕ್ಕಿಗೆ 4 ಬೈಟು, ತುಂಬಿದ ಒಂದೊಂದು ಲೇಯರಿಗೂ 2.88 ಕೋಟಿ ಬೈಟು, ಸುಮಾರು 29 ಎಂಬಿ. ಖಾಲಿ ಜಾಗ ಜಾಸ್ತಿ ಇರೋ ಲೇಯರುಗಳು ಅಷ್ಟು ತಿನ್ನೋದಿಲ್ಲ, ಆದರೂ ದಿನಕ್ಕೆ ಹತ್ತು ಗಿರಾಕಿ ಬರೋ ಸ್ಟುಡಿಯೋದವನ ಹಾರ್ಡ್ ಡಿಸ್ಕು ಎಷ್ಟು ದಿನ ತಡೆದೀತು? ಕೆಲಸ ಆದ ಮೇಲೆ ಜೆಪಿಜಿ ಕೊಟ್ಟು ಪಿಎಸ್‌ಡಿ ಅಳಿಸೋದು ಅವನ ಮಟ್ಟಿಗೆ ನ್ಯಾಯವೇ. ಅದಕ್ಕೇ ನಾನು ಅವತ್ತೇ ಪೆನ್‌ಡ್ರೈವ್ ಕೊಟ್ಟು ಲೇಯರ್ ಇರೋ ಫೈಲನ್ನೇ ಹಾಕಿಸಿಕೊಂಡೆ. "ಇದುನ್ನ ಯಾರೂ ಕೇಳಲ್ಲ ಅಣ್ಣ" ಅಂತ ಆಶ್ಚರ್ಯಪಟ್ಟು ಕೊಟ್ಟ.

ಅದು ಉಪಯೋಗಕ್ಕೆ ಬರೋಕೆ ಬಹಳ ದಿನ ಬೇಕಾಗಲಿಲ್ಲ. ತಿಥಿ ಕಾರ್ಡಿನ ಫೋಟೋ ವಾಟ್ಸಾಪಿನಲ್ಲಿ ಸುತ್ತಿ ಸುತ್ತಿ ಸವೆದು ಬಂತು. ಮಾವನ ಮಗ, ಕಾಲೇಜು ಹುಡುಗ, ಅಜ್ಜಿ ಮೇಲಿನ ಪ್ರೀತಿಗೆ ಅದನ್ನ ಫೋನಿನ ಯಾವುದೋ ಆ್ಯಪಿಗೆ ಹಾಕಿ 'ಎಚ್‌ಡಿ' ಮಾಡಿ ಫ್ಯಾಮಿಲಿ ಗ್ರೂಪಿಗೆ ಕಳಿಸಿದ. ಚರ್ಮ ನುಣುಪು, ಕಣ್ಣು ಹೊಳಪು, ರೆಪ್ಪೆ ಎಣಿಸಬಹುದು. ಎಲ್ಲರೂ ಕೈ ಮುಗಿಯೋ ಚಿತ್ರ ಹಾಕಿದರು. ಅವ್ವ ಫೋನನ್ನ ದೂರ ಹಿಡಿದು, ಹತ್ತಿರ ಹಿಡಿದು ನೋಡಿ ಕೇಳಿದ್ದು ಒಂದೇ ಮಾತು: "ಇದ್ಯಾರ್ಲಾ?"

ಸವೆದ ಚಿತ್ರದಲ್ಲಿ ಇಲ್ಲದ ವಿವರವನ್ನ ಆ ಆ್ಯಪು ಎಲ್ಲಿಂದ ತರಬೇಕು? ತಾನು ನೋಡಿದ ಲಕ್ಷಗಟ್ಟಲೆ ಮುಖಗಳಿಂದ ಅಂದಾಜು ಮಾಡಿ ತುಂಬುತ್ತೆ. ಅಂದಾಜಿನ ರೆಪ್ಪೆ, ಅಂದಾಜಿನ ತುಟಿ. ಆ ಅಂದಾಜನ್ನ ಬೇರೆ ಲೇಯರಿನಲ್ಲಿ ಇಟ್ಟುಕೊಟ್ಟಿದ್ದರೆ ನನ್ನ ತಕರಾರಿಲ್ಲ. ಫೋಟೋಶಾಪಿನಲ್ಲೇ 2023ರಲ್ಲಿ ಬಂದ ಜನರೇಟಿವ್ ಫಿಲ್, ತಾನು ಹುಟ್ಟಿಸಿದ್ದನ್ನ ಬೇರೆಯೇ ಲೇಯರಿನಲ್ಲಿ ಇಡುತ್ತೆ. ಕಣ್ಣು ಮುಚ್ಚಿದರೆ ಹಳೇದು ಕಾಣುತ್ತೆ. ಆದರೆ ಗ್ರೂಪಿಗೆ ಬಂದದ್ದು ಚಪ್ಪಟೆ ಚಿತ್ರ. ಎಲ್ಲಿವರೆಗೆ ಅಜ್ಜಿ, ಎಲ್ಲಿಂದ ಯಂತ್ರ ಅಂತ ಹೇಳೋ ಗೆರೆಯೇ ಇಲ್ಲ. ಇನ್ನು ಇಪ್ಪತ್ತು ವರ್ಷ ಬಿಟ್ಟು ಅಜ್ಜಿಯನ್ನ ನೋಡಿಲ್ಲದ ಮಕ್ಕಳ ಕೈಗೆ ಇದೇ ಸಿಕ್ಕರೆ, ಅವರ ಪಾಲಿಗೆ ಅಜ್ಜಿ ಅಂದ್ರೆ ಇವಳೇ. ನಾನು ಪಿಎಸ್‌ಡಿ ತೆರೆದು, ಸೀರೆಯ ಕಣ್ಣು ಮುಚ್ಚಿ, ಕೆಳಗಿನ ಅಜ್ಜಿಯನ್ನ ಗ್ರೂಪಿಗೆ ಹಾಕಿದೆ. ಕೆನ್ನೆಯ ಮಡಿಕೆ ಸಮೇತ.

ಸಾಫ್ಟ್‌ವೇರಿಗೆ ದುಡ್ಡು ಕೊಡಬೇಕಲ್ಲ ಅನ್ನೋರಿಗೆ ಜಿಂಪ್ ಇದೆ. 1995ರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, ಶುರು ಮಾಡಿದ್ದು. ಲಿನಕ್ಸ್, ವಿಂಡೋಸ್, ಮ್ಯಾಕ್ ಎಲ್ಲದರಲ್ಲೂ ಓಡುತ್ತೆ, ಬಿಟ್ಟಿ. 2025ರ ಮಾರ್ಚ್‌ನಲ್ಲಿ 3.0 ಆವೃತ್ತಿ ಬಂತು. ಮೂಲ ಚುಕ್ಕಿ ಕೆಡಿಸದೆ ಮೇಲಿಂದ ಫಿಲ್ಟರ್ ಹಾಕೋ ಅನುಕೂಲ ಅದರಲ್ಲಿ ಸೇರಿದೆ. ಅದರ ಲೇಯರ್ ಇರೋ ಫೈಲಿಗೆ ಎಕ್ಸ್‌ಸಿಎಫ್ ಅಂತ ಹೆಸರು. ಪಿಎಸ್‌ಡಿಯನ್ನೂ ತೆರೆಯುತ್ತೆ.

ನಿಮ್ಮ ಮನೆಯಲ್ಲೂ ಇಂಥ ಒಂದು ಗುಂಪು ಫೋಟೋ ಇದ್ದೇ ಇರುತ್ತೆ. ಅದಕ್ಕೆ ನಾನು ಹೇಳೋದು ನಾಲ್ಕೇ ಮಾತು. ಫೋನಿನಲ್ಲಿ ಫೋಟೋದ ಫೋಟೋ ತೆಗೀಬೇಡಿ, ಸಾಧ್ಯವಾದ್ರೆ ಸ್ಕ್ಯಾನ್ ಮಾಡಿಸಿ, ಚಿಕ್ಕ ಪ್ರಿಂಟಾದರೆ ಇಂಚಿಗೆ 600 ಚುಕ್ಕಿಯ ಲೆಕ್ಕದಲ್ಲಿ. ಸ್ಕ್ಯಾನಿನ ಮೇಲೆ ನೇರ ಕೈ ಹಾಕಬೇಡಿ, ನಕಲು ಮಾಡಿಕೊಂಡು ಅದರ ಮೇಲೆ ಆಟ ಆಡಿ. ರಬ್ಬರ್ ಬೇಡ, ಮಾಸ್ಕ್ ಹಾಕಿ. ಕೊನೆಯದು, ಸ್ಟುಡಿಯೋದಿಂದ ಬರೋವಾಗ ಪ್ರಿಂಟಿನ ಜೊತೆ ಲೇಯರ್ ಇರೋ ಫೈಲನ್ನೂ ಕೇಳಿ ಇಸ್ಕೊಳ್ಳಿ. ಕೇಳಿದರೆ ಕೊಡ್ತಾರೆ.

ಮನೆಗೆ ಬಂದ ಮೇಲೆ ನಾನು ಆ ಫೈಲಿನ ಹನ್ನೊಂದು ಸಾಲುಗಳಿಗೂ ಹೆಸರು ಬರೆದೆ. ಲೇಯರ್ 1, ಲೇಯರ್ 1 ಕಾಪಿ 3 ಅಂತೆಲ್ಲ ಇದ್ದರೆ ನಾಳೆ ಯಾರಿಗೆ ಏನು ಗೊತ್ತಾಗಬೇಕು? 'ಸ್ಟುಡಿಯೋ ಸೀರೆ', 'ಸ್ಟುಡಿಯೋ ಆಕಾಶ', 'ಗಲ್ಲದ ನೆರಳು', 'ಎಡ ಭುಜ - ಬಲದ್ದನ್ನೇ ತಿರುಗಿಸಿದ್ದು', 'ಕೆನ್ನೆಯ ಮಡಿಕೆ ಮುಚ್ಚಿದ್ದು' ಹೀಗೆ. ಕುಂಕುಮ ಮುಚ್ಚಿದ ಆ ಲೇಯರನ್ನ ನಾನು ಅಳಿಸಲಿಲ್ಲ. 'ಮಾವ ಕೇಳಿದ್ದು, ಅವ್ವ ಬೇಡ ಅಂದದ್ದು' ಅಂತ ಹೆಸರು ಕೊಟ್ಟು ಕಣ್ಣು ಮುಚ್ಚಿ ಇಟ್ಟಿದ್ದೀನಿ. ಅದೂ ನಮ್ಮನೆಯ ಕಥೆಯೇ ತಾನೆ. ಎಲ್ಲಕ್ಕಿಂತ ಕೆಳಗಿನದ್ದಕ್ಕೆ ಅರ್ಧ ಬೀಗ ತೆಗೆದು ಪೂರ್ತಿ ಬೀಗ ಹಾಕಿ, 'ಅಜ್ಜಿ, 1994' ಅಂತ ಬರೆದೆ.